ಫಿಲೈಟ್ ಮಣ್ಣಿನಲ್ಲಿ ಕೆಸರಾಗದ ಬೈಕ್ ಟ್ರೈಲ್: ನನ್ನ ಅನುಭವ

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ದಕ್ಷಿಣಕ್ಕೆ, ಪಾಚರ್‌ಕೋಫೆಲ್ ಬೆಟ್ಟದ ಕಡೆಯ ಉತ್ತರಮುಖ ಇಳಿಜಾರುಗಳಲ್ಲಿ ಜಲ್ಲಿ ಸುರಿಯದೆ, ಹಲಗೆ ಹಾಸದೆ ಬೈಕ್ ಟ್ರೈಲ್ ನಿಲ್ಲುವುದಿಲ್ಲ ಅನ್ನುವುದು ಇಲ್ಲಿ ಗುದ್ದಲಿ ಹಿಡಿದವರ ಸಾಮಾನ್ಯ ಮಾತು. ನಾವು ಕಟ್ಟಿದ ಸುಮಾರು 600 ಮೀಟರ್ ನಿಂತಿದೆ. ಹಿಮ ಕರಗುವ ಏಪ್ರಿಲ್‌ನಲ್ಲೂ ಅಲ್ಲಿ ಚಕ್ರ ಹೂತುಕೊಳ್ಳುವುದಿಲ್ಲ. ಒಂದು ಒರತೆಯ ಜಾಗ ಬಿಟ್ಟರೆ ಎಲ್ಲ ಕಡೆ ಬಳಸಿದ್ದು ಅಲ್ಲೇ ಅಗೆದ ಮಣ್ಣು. ಬೆಂಚ್ (ಇಳಿಜಾರನ್ನು ಕಡಿದು ಮಾಡಿದ ದಾರಿಯ ನೆಲ), ಬರ್ಮ್ (ತಿರುವಿನ ಹೊರಬದಿಯ ಓರೆ ದಿಬ್ಬ), ಕ್ಲೈನೋಮೀಟರ್ (ಇಳಿಜಾರು ಅಳೆಯುವ ಸಾಧನ) ಇವೆಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ನೇರ ಕೆಲಸಕ್ಕೆ ಬರುತ್ತೇನೆ.

ಇಲ್ಲಿನ ಕಲ್ಲು ಕ್ವಾರ್ಟ್ಜ್ ಫಿಲೈಟ್. ಪದರ ಪದರವಾಗಿ ಒಡೆದು ಕೊನೆಗೆ ಬೂದು ಬಣ್ಣದ ನುಣ್ಣನೆಯ ಮಣ್ಣಾಗುತ್ತದೆ. ಇನ್ ನದಿಯಾಚೆ ನಾರ್ಡ್‌ಕೆಟ್ಟೆ ಬೆಟ್ಟಸಾಲಿನ ಸುಣ್ಣಕಲ್ಲಿನಲ್ಲಿ ನೀರು ಸಂದಿಗಳಲ್ಲಿ ಇಳಿದುಹೋಗುತ್ತದೆ, ಇಲ್ಲಿ ಮೇಲೆಯೇ ನಿಲ್ಲುತ್ತದೆ. ಅದರ ಮೇಲೆ ಸ್ಪ್ರೂಸ್ ಮರದ ಸೂಜಿಯೆಲೆ ಕೊಳೆತ ಕಪ್ಪು ಪದರ 10ರಿಂದ 25 ಸೆಂಟಿಮೀಟರ್ ಇರುತ್ತದೆ. ಕೆಸರಿಗೆ ಮೂಲ ಈ ಪದರ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ದಿಮ್ಮಿಸಿದರೂ ಗಟ್ಟಿಯಾಗುವುದಿಲ್ಲ. ಇದನ್ನು ಪೂರ್ತಿ ತೆಗೆದು ಬೂದು ಮಣ್ಣು ಕಾಣುವವರೆಗೆ ಹೋಗದಿದ್ದರೆ ಮುಂದಿನ ಯಾವ ಕೆಲಸವೂ ದಂಡ.

ತೆಗೆದ ಕಪ್ಪು ಮಣ್ಣನ್ನು ಎಲ್ಲಿ ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಬಹಳ ಕಡೆ ಅದನ್ನು ಟ್ರೈಲಿನ ಕೆಳ ಅಂಚಿಗೇ ಎಳೆದು ಬಿಡುತ್ತಾರೆ. ಅದು ಬದುವಾಗಿ ನಿಂತು ಟ್ರೈಲನ್ನೇ ಕಾಲುವೆ ಮಾಡುತ್ತದೆ. ಸಲಿಕೆಯಿಂದ ಎರಡು ಮೂರು ಮೀಟರ್ ಆಚೆ, ಇಳಿಜಾರಿನ ಉದ್ದಕ್ಕೂ ತೆಳುವಾಗಿ ಎಸೆಯಬೇಕು. ಬೆನ್ನು ನೋವಿನ ಕೆಲಸ, ಆದರೆ ಬಿಡುವಂತಿಲ್ಲ.

ಈಗ ಎಲ್ಲರೂ ಅನುಮಾನಿಸಿದ ಭಾಗ. ಆಲ್ಪ್ಸ್‌ನ ನಡೆದಾರಿಗಳಲ್ಲಿ ನೀರು ತಿರುಗಿಸಲು ಅಡ್ಡ ದಿಮ್ಮಿ ಅಥವಾ ಉಕ್ಕಿನ ಅಡ್ಡಕಾಲುವೆ ಹಾಕುವುದು ಹಳೆಯ ಪದ್ಧತಿ. ಕಾಲ್ನಡಿಗೆಗೆ ಅದು ಸರಿ. ಬೈಕಿಗೆ ಮೂರು ರೀತಿಯಲ್ಲಿ ಕೈಕೊಡುತ್ತದೆ. ಒದ್ದೆ ದಿಮ್ಮಿಯ ಮೇಲೆ ಓರೆಯಾಗಿ ಬಂದ ಮುಂಚಕ್ರ ಜಾರುತ್ತದೆ. ಅದಕ್ಕೆ ಹೆದರಿದವರು ತುದಿಯಿಂದ ಸುತ್ತಿಹೋಗುತ್ತಾರೆ, ಟ್ರೈಲು ಅಗಲವಾಗುತ್ತದೆ. ಕೊನೆಯದಾಗಿ, ಒಂದೆರಡು ಜೋರು ಮಳೆಗೆ ದಿಮ್ಮಿಯ ಹಿಂದೆ ಹೂಳು ತುಂಬಿ ನೀರು ಮೇಲೆ ಹಾರುತ್ತದೆ, ಕೆಳಗಡೆ ಗುಂಡಿ ಕೊರೆಯುತ್ತದೆ. ಉಕ್ಕಿನ ಕಾಲುವೆಯಂತೂ ಸ್ಪ್ರೂಸ್ ಎಲೆಯಿಂದ ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ.

ನಾವು ಒಂದು ದಿಮ್ಮಿಯನ್ನೂ ಹಾಕಲಿಲ್ಲ. ಟ್ರೈಲನ್ನೇ ಅಲೆ ಅಲೆಯಾಗಿ ಕಟ್ಟಿದೆವು: ಇಳಿಯುತ್ತಾ ಬಂದ ದಾರಿ ತಗ್ಗು ಮುಟ್ಟಿ, ಸ್ವಲ್ಪ ಏರಿ, ಮತ್ತೆ ಇಳಿಯುತ್ತದೆ. ಇಂಗ್ಲಿಷಿನವರ ಗ್ರೇಡ್ ರಿವರ್ಸಲ್. ತಗ್ಗಿನಿಂದ ದಿಣ್ಣೆಗೆ 30ರಿಂದ 40 ಸೆಂಟಿಮೀಟರ್ ಎತ್ತರ, ಏರು ಭಾಗದ ಉದ್ದ 4ರಿಂದ 6 ಮೀಟರ್. ಇದಕ್ಕಿಂತ ಗಿಡ್ಡ ಮಾಡಿದರೆ ಚಕ್ರಗಳು ದಿಣ್ಣೆಯನ್ನು ಒಂದೇ ಋತುವಿನಲ್ಲಿ ಸವೆಸುತ್ತವೆ, ಸವಾರರೂ ಅದನ್ನು ಜಂಪ್ ಮಾಡಿಕೊಳ್ಳುತ್ತಾರೆ. ತಗ್ಗಿನಲ್ಲಿ ನೀರು ಹೋಗುವ ಹೊರಬಾಯಿ ಕನಿಷ್ಠ ಒಂದು ಮೀಟರ್ ಅಗಲ, ಹೊರಕ್ಕೆ ಶೇ. 10ರಷ್ಟು ಓರೆ. ಬಾಯಿಯ ಮುಂದೆ ಇಳಿಜಾರಿನಲ್ಲೂ ಒಂದೂವರೆ ಮೀಟರ್ ಜಾಗ ಬಿಡಿಸಬೇಕು. ಅಲ್ಲಿ ಬ್ಲೂಬೆರಿ ಪೊದೆ ಉಳಿದರೆ ಎಲೆ ಸಿಕ್ಕಿ ಅಣೆಕಟ್ಟಾಗುತ್ತದೆ.

ಅಂತರ: ಟ್ರೈಲಿನ ಇಳಿಜಾರು ಶೇ. 5 ಇದ್ದಲ್ಲಿ ಸುಮಾರು 20 ಮೀಟರಿಗೊಂದು, ಶೇ. 10 ಇದ್ದಲ್ಲಿ 10–12 ಮೀಟರಿಗೊಂದು, ಅದಕ್ಕಿಂತ ಕಡಿದಾದ ತುಂಡುಗಳಲ್ಲಿ 7–8. ನೀರಿಗೆ ವೇಗ ಸಿಗುವ ಮೊದಲೇ ಅದನ್ನು ಹೊರಗೆ ಕಳಿಸುವುದು ಇದರ ಉದ್ದೇಶ. ತಗ್ಗಿನ ನಿಖರ ಜಾಗ ಗುರುತಿಸಲು ನಮ್ಮದೊಂದು ಕ್ರಮವಿದೆ. ಅದು ಸದ್ಯ ನಮ್ಮ ತಂಡದಲ್ಲೇ ಇರಲಿ. ಮಳೆಯಲ್ಲಿ ಕ್ಲೈನೋಮೀಟರ್ ಇಲ್ಲದೆ ನಡೆಯಿರಿ ಅಂತ ಮಾತ್ರ ಹೇಳುತ್ತೇನೆ.

ಹೊರಓರೆ (ದಾರಿ ಇಳಿಜಾರಿನ ಕೆಳಬದಿಗೆ ವಾಲಿರುವುದು) ಇದ್ದರೆ ಅಲೆ ಯಾಕೆ ಎಂದು ವಾದಿಸಿದವರಿದ್ದರು. ಮೀಟರ್ ಅಗಲಕ್ಕೆ 5–6 ಸೆಂಟಿಮೀಟರ್ ಹೊರಓರೆ ನಾವೂ ಕೊಟ್ಟಿದ್ದೇವೆ. ಆದರೆ ಈ ಮಣ್ಣಿನಲ್ಲಿ ಅದು ಒಂದು ಋತುವಿಗಿಂತ ಹೆಚ್ಚು ಉಳಿಯುವುದಿಲ್ಲ. ಚಕ್ರಗಳೆಲ್ಲ ನಡುವಿನ ಒಂದೇ ಗೆರೆಯಲ್ಲಿ ಹೋಗುತ್ತವೆ, ನಡು ಕುಸಿದು ಬೋಗುಣಿಯಾಗುತ್ತದೆ, ನೀರು ಅದರಲ್ಲೇ ಓಡುತ್ತದೆ. ಅಲೆ ಇದ್ದರೆ ನಡು ಎಷ್ಟೇ ಕುಸಿದರೂ ನೀರು ಏರು ಹತ್ತುವುದಿಲ್ಲವಲ್ಲ, ತಗ್ಗಿನಲ್ಲಿ ಆಚೆ ಹೋಗಲೇಬೇಕು. 24–25 ಕಿಲೋ ತೂಗುವ ಇ-ಬೈಕ್‌ಗಳು ಹೆಚ್ಚಾದ ಮೇಲೆ ಈ ಕುಸಿತ ಇನ್ನೂ ಬೇಗ ಆಗುತ್ತಿದೆ.

ಒಂದು ಕಡೆ ಅಲೆ ಸಾಧ್ಯವೇ ಇಲ್ಲ: ಬೆಟ್ಟದ ಇಳಿತದ ಗೆರೆಯಲ್ಲೇ ನೇರ ಇಳಿಯುವ ದಾರಿಯಲ್ಲಿ. ನೀರು ಹೊರಗೆ ಹೋಗಲು ಪಕ್ಕದ ಇಳಿಜಾರೇ ಇರುವುದಿಲ್ಲ. ಟ್ರೈಲಿನ ಇಳಿಜಾರು ಅದು ಹಾಯುವ ಬೆಟ್ಟದ ಇಳಿಜಾರಿನ ಅರ್ಧ ಮೀರಬಾರದು ಅನ್ನುವ ಹಳೆಯ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಿ. ನಮ್ಮ ಹಳೆಯ ದಾರಿ ಶೇ. 25ರಲ್ಲಿ ನೇರ ಇಳಿಯುತ್ತಿತ್ತು, ಮೊಣಕಾಲುದ್ದ ಕೊರಕಲು ಬಿದ್ದಿತ್ತು. ವರ್ಷ ವರ್ಷ ಜಲ್ಲಿ ತುಂಬಿದ್ದೆಲ್ಲ ಕೆಳಗಿನ ಅರಣ್ಯ ರಸ್ತೆಗೆ ಹರಿದುಹೋಗುತ್ತಿತ್ತು. ಅದನ್ನು ಕೈಬಿಟ್ಟು, ಪಕ್ಕಕ್ಕೆ ಸರಾಸರಿ ಶೇ. 8–9ರಲ್ಲಿ ಹೊಸ ಗೆರೆ ಎಳೆದೆವು. ಹಳೆಯದನ್ನು ಮುಚ್ಚುವುದು ಹೊಸದನ್ನು ಕಟ್ಟುವಷ್ಟೇ ದುಡಿಮೆ. ಎರಡು ಕೊಂಬೆ ಅಡ್ಡ ಹಾಕಿದರೆ ವಾರದಲ್ಲಿ ಎತ್ತಿ ಬಿಸಾಕುತ್ತಾರೆ. ಗಟ್ಟಿಯಾದ ಮಣ್ಣನ್ನು ಪಿಕಾಸಿಯಿಂದ ಕೆದಕಿ, ಕೊರಕಲಿಗೆ ಅಡ್ಡವಾಗಿ ದಿಮ್ಮಿ ಹೂತು, ಕಣ್ಣಿಗೆ ಕಾಣುವ ಮೇಲಿನ 15 ಮೀಟರಿಗೆ ಮರದ ತುದಿಗಳನ್ನು ಬುಡ ಹೂತು ಹಾಕಿದ ಮೇಲೆಯೇ ನಿಂತಿತು.

ಬೆಂಚ್ ಪೂರ್ತಿ ಕಡಿದ ನೆಲದ ಮೇಲೇ ಇರಬೇಕು, 80ರಿಂದ 100 ಸೆಂಟಿಮೀಟರ್. ಅರ್ಧ ಕಡಿದು ಅರ್ಧ ತುಂಬಿದರೆ ತುಂಬಿದ ಭಾಗ ಮೊದಲ ಚಳಿಗಾಲಕ್ಕೇ ಕುಸಿಯುತ್ತದೆ. ಫಿಲೈಟಿನ ನುಣ್ಣನೆಯ ಮಣ್ಣಿನಲ್ಲಿ ನೀರು ಸೂಜಿ ಸೂಜಿಯಾಗಿ ಹೆಪ್ಪುಗಟ್ಟಿ ನೆಲವನ್ನು ಎತ್ತುತ್ತದೆ, ಕರಗಿದಾಗ ಮೇಲಿನ ಪದರ ಸಡಿಲಾಗುತ್ತದೆ. ಆದ್ದರಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ ದಿಮ್ಮಿಸಿ ಮುಗಿಸಬೇಕು. ಹದಕ್ಕೆ ಮುಷ್ಟಿ ಪರೀಕ್ಷೆ ಸಾಕು: ಹಿಡಿದ ಮಣ್ಣು ಉಂಡೆಯಾಗಬೇಕು, ಬೆರಳಿನ ಸಂದಿಯಲ್ಲಿ ನೀರು ಬರಬಾರದು. ಮೇಲ್ಬದಿಯ ಗೋಡೆಯನ್ನು ನೆಟ್ಟಗೆ ಬಿಡದೆ 45 ಡಿಗ್ರಿಗೆ ಒರಗಿಸಿ. ಅಗೆಯುವಾಗ ಎತ್ತಿಟ್ಟ ಪಾಚಿ, ಬ್ಲೂಬೆರಿ ಹೊದಿಕೆಯನ್ನು ಅದರ ಮೇಲೆ ಹೊದಿಸಿ ಹೇಜಲ್ ಗೂಟ ಬಡಿದೆವು. ಪಕ್ಕದಲ್ಲೇ ಒಂದು ತುಂಡಿಗೆ ಅಂಗಡಿಯ ಹುಲ್ಲುಬೀಜ ಹಾಕಿ ನೋಡಿದೆವು. ಸ್ಪ್ರೂಸ್ ನೆರಳಿನಲ್ಲಿ ಮೊಳಕೆ ಹಳದಿಯಾಗಿ ಸತ್ತಿತು. ಹೊದಿಕೆ ಬದುಕಿದೆ.

ತಿರುವುಗಳ ಮುಂದೆ ಬ್ರೇಕ್ ಹಿಡಿದು ಬೀಳುವ ಗುಳಿಗಳಿಗೂ ಇದೇ ಅಲೆ ಮದ್ದಾಯಿತು. ತಿರುವಿಗೆ ಆರೇಳು ಮೀಟರ್ ಮುಂಚೆ ಏರು ಬಂದರೆ ವೇಗ ತಾನೇ ಇಳಿಯುತ್ತದೆ, ಹಿಂಚಕ್ರ ಎಳೆದುಕೊಂಡು ಬರುವುದು ತಪ್ಪುತ್ತದೆ. ಆ ಏರಿನ ಬುಡದ ತಗ್ಗಿನಲ್ಲೇ ನೀರೂ ಹೊರಗೆ ಹೋಗುವುದರಿಂದ ಬರ್ಮ್ ಒಳಗೆ ಕೊಚ್ಚೆ ನಿಲ್ಲುವುದಿಲ್ಲ. ಈ ಒಂದು ಉಪಾಯಕ್ಕೆ ನನಗೆ ಹೆಮ್ಮೆ ಇದೆ. ಇಲ್ಲಿನ ದುಬಾರಿ ಬೈಕ್ ಪಾರ್ಕ್‌ಗಳಲ್ಲೂ ಗುಳಿ ಬಿದ್ದ ತಿರುವುಗಳನ್ನು ನೋಡಿದ್ದೇನೆ, ನಮ್ಮಲ್ಲಿ ಹುಡುಕಬೇಕು.

ಒರತೆಯ 12 ಮೀಟರ್ ಜಾಗದಲ್ಲಿ ಮಾತ್ರ ಕಲ್ಲು ಹಾಸಬೇಕಾಯಿತು. ಮೊದಲು ಜಿಯೋಟೆಕ್ಸ್‌ಟೈಲ್ (ಮಣ್ಣಿನ ಮೇಲೆ ಹಾಸುವ ಬಟ್ಟೆಯಂಥ ಹಾಳೆ) ಹಾಸಿ ತೊಳೆದ ದುಂಡು ಜಲ್ಲಿ ಹಾಕಿ ನೋಡಿದ್ದೆವು. ದುಂಡು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳದೆ ಉರುಳಿತು, ಹಾಳೆ ಮೇಲೆದ್ದು ಚಕ್ರಕ್ಕೆ ಸುತ್ತಿಕೊಂಡಿತು. ಜಲ್ಲಿ ಬೇಕೇ ಬೇಕಾದಲ್ಲಿ ಪುಡಿಯಿಂದ 32 ಮಿಲಿಮೀಟರ್‌ವರೆಗಿನ, ಒಡೆದ ಜಲ್ಲಿ (0/32) ತರಿಸಿ. ಸ್ಥಳದ ಫಿಲೈಟ್ ಚಪ್ಪಡಿಯೂ ಕೆಲಸಕ್ಕೆ ಬರಲಿಲ್ಲ, ಹಿಮಗಟ್ಟಿದಾಗ ಪದರ ಬಿಡುತ್ತದೆ. ವಿಪ್‌ಟಾಲ್ ಕಣಿವೆಯಾಚೆ, ಪಶ್ಚಿಮದ ಸ್ಟುಬಾಯ್ ಕಡೆ ಸಿಗುವ ಗ್ನೈಸ್ ಎಂಬ ಗಟ್ಟಿ ಕಲ್ಲು ತರಿಸಿದೆವು. ನಮ್ಮ ಲಾಲ್‌ಬಾಗ್ ಬಂಡೆಯೂ ಗ್ನೈಸೇ, ಅದರ ಗಟ್ಟಿತನ ಬೆಂಗಳೂರಿನವರಿಗೆ ಹೇಳಬೇಕಿಲ್ಲ. 25–30 ಸೆಂಟಿಮೀಟರ್ ಕಲ್ಲುಗಳನ್ನು ಮಲಗಿಸದೆ ನಿಲ್ಲಿಸಿ, ಮೂರರಲ್ಲಿ ಎರಡು ಪಾಲು ಹೂತು, ಸಂದಿಗೆ ಸಣ್ಣ ಕಲ್ಲು ಬಡಿಯಬೇಕು. ಕೆಳತುದಿಯ ಕಲ್ಲನ್ನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಆಳವಾಗಿ ಹೂಳಿ. ಅದು ಜರುಗಿದರೆ ಉಳಿದವೆಲ್ಲ ಜರುಗುತ್ತವೆ.

ಆಸ್ಟ್ರಿಯಾದ 1975ರ ಅರಣ್ಯ ಕಾನೂನಿನಂತೆ ಕಾಡಿನಲ್ಲಿ ನಡೆಯಲು ಎಲ್ಲರಿಗೂ ಹಕ್ಕಿದೆ, ಬೈಕ್ ಓಡಿಸಲು ಮಾಲೀಕರ ಒಪ್ಪಿಗೆ ಬೇಕು. ಮಾಲೀಕರು ಕೇಳುವುದು ಬೇರಿನ ಬಗ್ಗೆ. ಸ್ಪ್ರೂಸ್ ಬೇರು ಮೇಲೆ ಮೇಲೆ ಹರಡುತ್ತದೆ, ಗಾಯವಾದರೆ ಕೊಳೆರೋಗ ಕಾಂಡಕ್ಕೆ ಏರಿ ಮರದ ಬೆಲೆ ಹೋಗುತ್ತದೆ. ನಾವು ಕೊಟ್ಟ ಮಾತು: ಮಣಿಕಟ್ಟಿಗಿಂತ ದಪ್ಪ ಬೇರು ಕಡಿಯುವುದಿಲ್ಲ, ದೊಡ್ಡ ಮರದ ಬುಡದ ಕೆಳಗೆ ಬೆಂಚ್ ಕಡಿಯುವುದಿಲ್ಲ, ಮೇಲಿನಿಂದ ಹಾಯುತ್ತೇವೆ. ಮರದ ಸೇತುವೆ ಇಲ್ಲದಿದ್ದುದೂ ಅವರಿಗೆ ಹಿಡಿಸಿತು. ದಾರಿಯನ್ನು ನೋಡಿಕೊಳ್ಳುವವರ ಹೊಣೆಯ ಪ್ರಶ್ನೆ ಬಂದಾಗ ಕೊಳೆತ ಹಲಗೆಗಿಂತ ಮಣ್ಣು ವಾಸಿ.

ಹಣದ ಲೆಕ್ಕ ನೆನಪಿನಿಂದ. ಸುಮಾರು 1.8 ಟನ್‌ನ ಮಿನಿ ಅಗೆಯಂತ್ರಕ್ಕೆ ದಿನಕ್ಕೆ 180 ಯೂರೋ ಹತ್ತಿರ, ಡೀಸೆಲ್ ಬೇರೆ. ಯಂತ್ರ ಹೋಗದ ಮೂರನೇ ಒಂದು ಭಾಗ ಕೈಕೆಲಸ, ಸ್ವಯಂಸೇವಕರದ್ದು. ಗ್ನೈಸ್ ಮತ್ತು ಸಾಗಣೆಗೆ ಸಾವಿರದ ಮೇಲೆ. ಎಲ್ಲ ಸೇರಿ ಮೀಟರಿಗೆ 12 ಯೂರೋ ಆಸುಪಾಸು. ಜಲ್ಲಿಗೆ ಬಂದಿದ್ದ ಅಂದಾಜು ಮೀಟರಿಗೆ 40ರ ಹತ್ತಿರ, ಲಾರ್ಚ್ ಮರದ ಹಲಗೆಗೆ 90 ದಾಟಿತ್ತು. ಹೆಲಿಕಾಪ್ಟರಿನಲ್ಲಿ ಜಲ್ಲಿ ಇಳಿಸುವ ಸಲಹೆಯೂ ಬಂದಿತ್ತು, ನಿಮಿಷಕ್ಕೆ ನಲವತ್ತೈವತ್ತು ಯೂರೋ ಎಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ನಿರ್ವಹಣೆ ಈಗ ಅಕ್ಟೋಬರಿನಲ್ಲಿ ಹೊರಬಾಯಿಗಳ ಎಲೆ ಎಳೆಯುವುದು, ಮೇ ತಿಂಗಳಲ್ಲಿ ಹೂಳು ಕೆರೆಯುವುದು. ಒಂದು ಅಲೆಗೆ ಹತ್ತು ನಿಮಿಷ. ಕೆರೆದ ಹೂಳನ್ನು ಎಸೆಯದೆ ಮುಂದಿನ ದಿಣ್ಣೆಯ ನೆತ್ತಿಗೆ ಹಾಕಿ ದಿಮ್ಮಿಸಿ, ಸವೆದ ಎತ್ತರ ಅಲ್ಲೇ ವಾಪಸ್ ಸಿಗುತ್ತದೆ. ಮೇಲಿನ 900 ಮೀಟರಿನ ಗೆರೆ ಈಗಾಗಲೇ ಗುರುತಾಗಿದೆ. ಅಲ್ಲಿ ಒರತೆ ಹೆಚ್ಚು, ಗ್ನೈಸ್ ಇನ್ನೂ ಮೂರು ಲೋಡ್ ಬೇಕಾದೀತು.