ನಾಲ್ಕು ಬೋರ್ಡು, ಒಂದು ಹಂಡೆ

ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗೂ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆ ಮೇಲೇ ಇಟ್ಟುಕೊಂಡಿದ್ದೆ. ಒಳಗಿದ್ದದ್ದು ನಾಲ್ಕು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅವನ್ನು ಒಂದಕ್ಕೊಂದು ಜೋಡಿಸುವ ಗಿಗಾಬಿಟ್ ನೆಟ್ವರ್ಕ್ ಸ್ವಿಚ್ಚು, ಒಂದು ಪವರ್ ಸಪ್ಲೈ. ಬೋರ್ಡಿಗೆ ಲೆಕ್ಕ ಮಾಡುವ 4 ಕೋರ್, ಒಟ್ಟು 16. 1994ರಲ್ಲಿ ನಾಸಾದ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಪಿಸಿಗಳನ್ನು ಈಥರ್ನೆಟ್ಟಿನಲ್ಲಿ ಹೆಣೆದು ಒಂದೇ ಯಂತ್ರದಂತೆ ದುಡಿಯುವ ಬಿಯೋವುಲ್ಫ್ ಕಟ್ಟಿದರಲ್ಲ, ವಿಧಾನ ಅದೇ. ಹೈಸ್ಕೂಲು ಮಕ್ಕಳು ಇದನ್ನು ಕೈಯಾರೆ ಮುಟ್ಟಿ ನೋಡಬೇಕು ಅನ್ನುವುದು ನನ್ನ ಆಸೆ.

ಪ್ರೋಗ್ರಾಂ ಸರಳ. ಗಣಿತದ ಪೈ (π) ಬೆಲೆ ಹುಡುಕುವ ಲೆಕ್ಕವನ್ನು, ಕಂಪ್ಯೂಟರುಗಳ ನಡುವೆ ಕೆಲಸ ಹಂಚಲು ಬಳಸುವ ಎಂಪಿಐ ಮೂಲಕ 16 ಸಮಪಾಲು ಮಾಡುವುದು. ಒಂದೇ ಕೋರಿಗೆ 80 ಸೆಕೆಂಡು ಹಿಡಿಯುತ್ತಿತ್ತು. ಎಲ್ಲವೂ ಸೇರಿದರೆ 5 ಸೆಕೆಂಡು ಸಾಕು. ಮನೆಯಲ್ಲಿ ಹಾಗೇ ಬಂದಿತ್ತು. ಶಾಲೆಯಲ್ಲಿ 13 ಆಯಿತು.

ಮೂರನೇ ಬೋರ್ಡಿನ ಲಾಗ್ ತೆಗೆದರೆ 'ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್' , ಅಂದರೆ ವೋಲ್ಟೇಜು ಸಾಲದು, ಎಂಬ ಸಾಲು ಮತ್ತೆ ಮತ್ತೆ ಬಿದ್ದಿತ್ತು. ಹೊರಡುವ ಗಡಿಬಿಡಿಯಲ್ಲಿ ಅದಕ್ಕೆ ಮೊಬೈಲಿನ ಉದ್ದದ ತೆಳು ಕೇಬಲ್ ಹಾಕಿದ್ದೆ. ತಂತಿ ತೆಳುವಾದಷ್ಟೂ, ಉದ್ದವಾದಷ್ಟೂ 5 ವೋಲ್ಟಿನಲ್ಲಿ ಒಂದಿಷ್ಟು ದಾರಿಯಲ್ಲೇ ಸೋರುತ್ತದೆ. ಹಾಗಾಗಿ 1500 ಮೆಗಾಹರ್ಟ್ಸ್ ವೇಗದಲ್ಲಿ ಓಡಬೇಕಿದ್ದ ಬೋರ್ಡು 600ಕ್ಕೆ ಇಳಿದಿತ್ತು. ಪಾಲು ಸಮ ಮಾಡಿದ್ದರಿಂದ ತಮ್ಮ ಕೆಲಸ ಮುಗಿಸಿದ ಉಳಿದ ಮೂರೂ ಅದಕ್ಕೋಸ್ಕರ ಕಾಯುತ್ತಿದ್ದವು. ಗಿಡ್ಡ, ದಪ್ಪ ಕೇಬಲ್ ಹಾಕಿದ ಮೇಲೆ ಸರಿಹೋಯಿತು. ಈಗ ಪೆಟ್ಟಿಗೆಯಲ್ಲಿ ಅಂಥವು ಎರಡು ಹೆಚ್ಚಿಗೆ ಇರುತ್ತವೆ.

ಇಂಟರ್‌ನೆಟ್ ಇಲ್ಲದ ಊರಿಗೆ ಒಯ್ಯುವವರು ಗಡಿಯಾರದ ಬಗ್ಗೆಯೂ ಯೋಚಿಸಬೇಕು. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಮಳೆಗಾಲದ ಕರೆಂಟು ಹೋಗಿ ಬಂದರೆ ಒಂದೊಂದು ಬೋರ್ಡು ಒಂದೊಂದು ಸಮಯ ಹೇಳುತ್ತದೆ. ಮುಖ್ಯ ಬೋರ್ಡಿಗೆ ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್ ಕೂರಿಸಿ, ಉಳಿದವು ಸಮಯ ಹೊಂದಿಸುವ ಕ್ರೋನಿ ಪ್ರೋಗ್ರಾಂ ಮೂಲಕ ಅದನ್ನೇ ಕೇಳುವಂತೆ ಮಾಡಿದೆ.

ಮಕ್ಕಳಿಗೆ ಅಡಿಕೆ ಸುಲಿಯುವ ಉದಾಹರಣೆ ಕೊಟ್ಟೆ. ಒಬ್ಬರೇ ಮೆಟ್ಟುಗತ್ತಿ ಮುಂದೆ ಕೂತರೆ ಬೆಳಗಾಗುತ್ತದೆ, ಹದಿನಾರು ಜನ ಕೂತರೆ ಊಟದ ಹೊತ್ತಿಗೆ ರಾಶಿ ಕರಗುತ್ತದೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾರ್, ಸುಲಿಯೋಕೆ ಎಷ್ಟು ಜನ ಬಂದ್ರೂ ಬೇಯ್ಸೋ ಹಂಡೆ ಒಂದೇ ಅಲ್ವಾ?"

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ: ಎಷ್ಟು ಕೈ ಸೇರಿದರೂ ಹಂಚಲಾಗದ ಕೆಲಸ ವೇಗಕ್ಕೆ ಮಿತಿ ಹಾಕುತ್ತದೆ. ಎಷ್ಟು ಸಂತೋಷವಾಯಿತೆಂದರೆ, ಮುಂದೆ ಹೇಳಬೇಕೆಂದಿದ್ದ ಪಾಠ ಬಿಟ್ಟು ಅವಳ ಕೈಗೇ ಚಾಕ್‌ಪೀಸ್ ಕೊಟ್ಟೆ. 80 ಸೆಕೆಂಡಿನಲ್ಲಿ 8 ಸೆಕೆಂಡು ಹಂಡೆಯ ಕೆಲಸ, ಹಂಚಲಾಗದ್ದು ಎಂದಿಟ್ಟುಕೊಳ್ಳಿ. ಉಳಿದ 72ನ್ನು 16 ಜನ ಹಂಚಿಕೊಂಡರೆ ನಾಲ್ಕೂವರೆ. ಅವಳು ಎರಡನ್ನೂ ಕೂಡಿ ಕರಿಹಲಗೆಯ ಮೇಲೆ ಹನ್ನೆರಡೂವರೆ ಎಂದು ಬರೆದಳು. ನಾನು ಪ್ರೋಗ್ರಾಮಿಗೆ ಅಂಥದ್ದೇ ಒಂದು ಹಂಡೆ ಸೇರಿಸಿ ಓಡಿಸಿದೆ. ಇಡೀ ತರಗತಿ ಜೋರಾಗಿ ಸೆಕೆಂಡು ಎಣಿಸಿತು. ಹದಿಮೂರು ಅನ್ನುವಷ್ಟರಲ್ಲಿ ಉತ್ತರ ಬಂತು.