ಪೆಪ್ಸಿನ್ ನುಂಗುವ ತುದಿ: ಪ್ರೊಕೊಲಾಜೆನ್ ಜೊತೆ ನನ್ನ ಅನುಭವ

ಚರ್ಮ, ಮೂಳೆಗಳಿಗೆ ಬಲ ಕೊಡುವ ಪ್ರೊಟೀನಾದ ಕೊಲಾಜೆನ್‌ನ ಪ್ರಯೋಗಾಲಯದಲ್ಲಿ, ಪ್ರೊಟೀನು ಜೀರ್ಣಿಸುವ ಕಿಣ್ವವಾದ ಪೆಪ್ಸಿನ್ ಇಲ್ಲದೆ ಕೈ ಓಡುವುದಿಲ್ಲ. ಅಸಿಟಿಕ್ ಆಮ್ಲದಲ್ಲಿ, 4 ಡಿಗ್ರಿ ತಂಪಿನಲ್ಲಿ ರಾತ್ರಿಯಿಡೀ ಬಿಟ್ಟರೆ ಅದು ಉಳಿದ ಪ್ರೊಟೀನುಗಳನ್ನೆಲ್ಲ ಜೀರ್ಣಿಸಿಕೊಂಡು ಬಿಗಿಯಾಗಿ ಹೊಸೆದ ಮೂರೆಳೆ ಸುರುಳಿಯನ್ನು ಮಾತ್ರ ಉಳಿಸುತ್ತದೆ. ಮರುದಿನ, ಪ್ರೊಟೀನುಗಳನ್ನು ವಿದ್ಯುತ್ತಿನಿಂದ ಓಡಿಸಿ ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ, ಕೊಲಾಜೆನ್‌ನ ಎರಡು ಬಗೆಯ ಎಳೆಗಳಾದ ಆಲ್ಫಾ-1 ಮತ್ತು ಆಲ್ಫಾ-2ರ ಪಟ್ಟಿಗಳು ಎರಡಕ್ಕೆ ಒಂದರಂತೆ ಅಚ್ಚುಕಟ್ಟಾಗಿ ಕಾಣಿಸುತ್ತವೆ. ನನಗೂ ಆ ಜೆಲ್ ಇಷ್ಟವೇ. ಆದರೆ ಅದೊಂದನ್ನೇ ನಂಬಿ ವರದಿ ಬರೆಯುವ ರೂಢಿಗೆ ನನ್ನ ತಕರಾರಿದೆ.

ಏಕೆಂದರೆ ಜೀವಕೋಶ ಮೊದಲು ಮಾಡುವುದು ಪ್ರೊಕೊಲಾಜೆನನ್ನು, ಅಂದರೆ ಎರಡೂ ತುದಿಗಳಲ್ಲಿ ಪ್ರೊಪೆಪ್ಟೈಡುಗಳೆಂಬ ಹೆಚ್ಚುವರಿ ತುಂಡುಗಳಿರುವ ಕೊಲಾಜೆನನ್ನು. ಪೆಪ್ಸಿನ್ ಆ ತುಂಡುಗಳನ್ನೂ ನುಂಗಿಬಿಡುತ್ತದೆ. ಒಂದನೇ ಬಗೆಯ ಕೊಲಾಜೆನ್‌ನಲ್ಲಿ ಪ್ರತಿ ಎಳೆಯ ನಡುಭಾಗ ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಮೈನೊ ಆಮ್ಲಗಳಷ್ಟು ಉದ್ದ. ಅಲ್ಲಿ ಪ್ರತಿ ಮೂರನೆಯದು ಗ್ಲೈಸಿನ್. ಎಡಕ್ಕೆ ತಿರುಚಿಕೊಂಡ ಮೂರು ಎಳೆಗಳು ಒಟ್ಟಾಗಿ ಬಲಕ್ಕೆ ಸುತ್ತಿಕೊಳ್ಳುತ್ತವೆ, ಹಗ್ಗ ಹೊಸೆಯುವವರು ಎಳೆಯ ಹುರಿಗೆ ಎದುರು ಹುರಿ ಹಾಕುವ ಹಾಗೆ. ನಟ್ಟನಡುವೆ ಅತಿ ಚಿಕ್ಕದಾದ ಗ್ಲೈಸಿನ್ ಬಿಟ್ಟು ಬೇರೆ ಯಾವುದಕ್ಕೂ ಜಾಗವಿಲ್ಲ. 1954ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಮೂರೆಳೆಯ ಮಾದರಿಯನ್ನು ಮುಂದಿಟ್ಟರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಜೈವಿಕ ಭೌತವಿಜ್ಞಾನದ ವಿಭಾಗವನ್ನೇ ಕಟ್ಟಿದರು. ಪಠ್ಯಪುಸ್ತಕಗಳು ಸುರುಳಿಯ ಈ ಕತೆಯನ್ನು ಚೆನ್ನಾಗಿಯೇ ಹೇಳುತ್ತವೆ. ಸುರುಳಿಯ ಎರಡೂ ತುದಿಗಳಲ್ಲಿರುವ ಪ್ರೊಪೆಪ್ಟೈಡುಗಳಿಗೆ ಸಿಗುವುದು ಒಂದೋ ಎರಡೋ ಸಾಲು, ಕೊನೆಗೆ ಕತ್ತರಿಸಿ ಹೋಗುವವು ತಾನೇ ಎಂಬಂತೆ.

ಆದರೆ ಯಾವ ಎಳೆ ಯಾವುದರ ಜೊತೆ ಕೂಡಬೇಕೆಂದು ತೀರ್ಮಾನಿಸುವುದು ಸಿ-ತುದಿಯ, ಅಂದರೆ ಎಳೆಯಲ್ಲಿ ಕೊನೆಗೆ ತಯಾರಾಗುವ ತುದಿಯ ಪ್ರೊಪೆಪ್ಟೈಡ್ (ಮೊದಲು ತಯಾರಾಗುವುದು ಎನ್-ತುದಿ). ಸುಮಾರು 250 ಅಮೈನೊ ಆಮ್ಲಗಳ ಈ ಉಂಡೆಗಳು, ಕೋಶದೊಳಗೆ ಪ್ರೊಟೀನು ಮಡಚುವ ಜಾಗವಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಮೂರು ಮೂರಾಗಿ ಸೇರಿ, ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧಗಳಿಂದ ಗಟ್ಟಿಯಾದ ಮೇಲೆಯೇ ಸುರುಳಿ ಸುತ್ತಿಕೊಳ್ಳತೊಡಗುತ್ತದೆ, ಅದೂ ಸಿ-ತುದಿಯಿಂದ ಎನ್-ತುದಿಯ ಕಡೆಗೆ. ಹೈಡ್ರಾಕ್ಸಿಲ್ ಗುಂಪುಗಳನ್ನೂ ಸಕ್ಕರೆಗಳನ್ನೂ ಅಂಟಿಸುವ ಕಿಣ್ವಗಳು ಇನ್ನೂ ಸುತ್ತಿಕೊಳ್ಳದ ಎಳೆಯ ಮೇಲೆ ಮಾತ್ರ ಕೆಲಸ ಮಾಡಬಲ್ಲವು. ಸುತ್ತುವುದು ಎಲ್ಲಿ ತಡವಾದರೂ ಅಲ್ಲಿಂದ ಎನ್-ತುದಿಯವರೆಗಿನ ಭಾಗ ಆ ಕಿಣ್ವಗಳ ಕೈಗೆ ಹೆಚ್ಚು ಹೊತ್ತು ಸಿಗುತ್ತದೆ. ಎಳೆ ಭಾರವಾಗಿ, ಜೆಲ್‌ನಲ್ಲಿ ನಿಧಾನವಾಗಿ ಇಳಿಯುತ್ತದೆ. ನಮ್ಮ ಪರೀಕ್ಷೆ ನಿಂತಿರುವುದು ಇದೇ ಗುಣದ ಮೇಲೆ.

ನನ್ನ ಕೈಗೆ ಬರುತ್ತಿದ್ದದ್ದು ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ ಇರುವವರ ಚರ್ಮದಲ್ಲಿ ಕೊಲಾಜೆನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳು. ಜೀನ್ ಪರೀಕ್ಷೆಯಲ್ಲಿ ಏನೋ ಬದಲಾವಣೆ ಸಿಕ್ಕಿರುತ್ತದೆ. ಅದು ನಿಜಕ್ಕೂ ಕೆಡುಕು ಮಾಡುತ್ತದೆಯೇ ಎಂಬುದು ಪ್ರಶ್ನೆ. ಹೆಚ್ಚು ಸಲ ಬೆಳೆಸದ ಕೋಶಗಳನ್ನೇ ಆರಿಸಿಕೊಳ್ಳುತ್ತಿದ್ದೆ. ತಟ್ಟೆ ತುಂಬಿದ ಮೇಲೆ ವಿಟಮಿನ್ ಸಿ ಕಡ್ಡಾಯ. ಅದಿಲ್ಲದಿದ್ದರೆ, ಪ್ರೋಲೀನ್ ಎಂಬ ಅಮೈನೊ ಆಮ್ಲಕ್ಕೆ ಹೈಡ್ರಾಕ್ಸಿಲ್ ಅಂಟಿಸಿ ಹೈಡ್ರಾಕ್ಸಿಪ್ರೋಲೀನ್ ಮಾಡುವ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವ ಸೊರಗುತ್ತದೆ. ಹೈಡ್ರಾಕ್ಸಿಪ್ರೋಲೀನ್ ಇಲ್ಲದ ಸುರುಳಿ ಸುಮಾರು 24 ಡಿಗ್ರಿಗೇ ಬಿಚ್ಚಿಕೊಳ್ಳುವುದರಿಂದ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ನಿಲ್ಲುವ ಮಾತೇ ಇಲ್ಲ. ವಿಟಮಿನ್ ಸಿಯ ಸಾದಾ ರೂಪವಾದ ಆಸ್ಕಾರ್ಬಿಕ್ ಆಮ್ಲ ಆ ಬಿಸುಪಿನಲ್ಲಿ ಬೇಗ ಹಾಳಾಗುತ್ತದೆ. ಆದ್ದರಿಂದ ದಿನವೂ ಹೊಸದಾಗಿ ಹಾಕಬೇಕು, ಇಲ್ಲವೇ ಬೇಗ ಕೆಡದ ರೂಪವಾದ ಆಸ್ಕಾರ್ಬೇಟ್-2-ಫಾಸ್ಫೇಟ್ ಬಳಸಬೇಕು. ನಾನು ಎರಡನೆಯದರ ಪಕ್ಷ.

ಆಮೇಲೆ, ಹೊಸದಾಗಿ ತಯಾರಾದ ಎಳೆಗಳನ್ನು ಗುರುತಿಸಲು ವಿಕಿರಣಶೀಲ ಪ್ರೋಲೀನ್ ಕೊಟ್ಟು, ಕೋಶದ ಒಳಗಿನದನ್ನೂ ಹೊರಗಿನ ದ್ರವವನ್ನೂ ಬೇರೆಬೇರೆಯಾಗಿ ಎತ್ತಿಡುತ್ತಿದ್ದೆ. ಈ ಎರಡನ್ನೂ ಬೆರೆಸಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ: ಕೆಟ್ಟ ಅಣು ಕೋಶದೊಳಗೆ ಸಿಕ್ಕಿಕೊಂಡಿದೆಯೇ, ಹೊರಗೆ ದಾಟಿದೆಯೇ ಎಂಬುದೇ ಅರ್ಧ ಉತ್ತರ.

ಪೆಪ್ಸಿನ್ ಜೆಲ್‌ನಲ್ಲಿ ಆಲ್ಫಾ-1 ಪಟ್ಟಿ ದಪ್ಪಗೆ, ನಿಧಾನವಾಗಿ ಇಳಿದಿತ್ತೆನ್ನಿ. ಮುಂದೆ ಸಯನೋಜೆನ್ ಬ್ರೋಮೈಡ್‌ನಿಂದ ಮೆಥಿಯೊನಿನ್ ಇರುವಲ್ಲೆಲ್ಲ ಎಳೆಯನ್ನು ಕತ್ತರಿಸಿ ತುಂಡುಗಳನ್ನು ನೋಡುತ್ತಿದ್ದೆ. ಭಯಂಕರ ವಿಷ ಅದು. ವಿಷಗಾಳಿ ಹೀರುವ ಫ್ಯೂಮ್ ಹುಡ್ ಬಿಟ್ಟು ಬೇರೆಲ್ಲೂ ಮುಚ್ಚಳ ತೆಗೆಯುವಂತಿಲ್ಲ. ಎನ್-ತುದಿಯ ಕಡೆಯ ತುಂಡುಗಳು ಮಾತ್ರ ನಿಧಾನವಾಗಿದ್ದರೆ ದೋಷ ಆ ಕಡೆಯದು. ಸಿ-ತುದಿಗೆ ಅಂಟಿಕೊಂಡ, ಸಿಬಿ-6 ಎಂದು ಕರೆಯುವ ತುಂಡೂ ನಿಧಾನವಾಗಿದ್ದರೆ ಆರಂಭದಲ್ಲೇ ತೊಡಕಾಗಿದೆ ಎಂದರ್ಥ. ಆದರೆ ಸುರುಳಿಯ ಸಿ-ಕೊನೆಯಲ್ಲಿ ಗ್ಲೈಸಿನ್ ಬದಲಾಗಿದ್ದರೂ, ಸಿ-ಪ್ರೊಪೆಪ್ಟೈಡ್ ಕೆಟ್ಟು ಮೂರು ಎಳೆ ಕೂಡುವುದೇ ತಡವಾಗಿದ್ದರೂ ಈ ಜೆಲ್ ತೋರಿಸುವುದು ಒಂದೇ ಚಿತ್ರ. ಎರಡನೆಯದರ ಪುರಾವೆಯನ್ನು ಪೆಪ್ಸಿನ್ ಆಗಲೇ ನುಂಗಿ ಕೂತಿರುತ್ತದೆ.

ಹಾಗಾಗಿ ಪೆಪ್ಸಿನ್ ಮುಟ್ಟಿಸದ ಇನ್ನೊಂದು ಜೆಲ್ ನನ್ನ ನಿಯಮವಾಯಿತು. ಕೋಶಗಳಿಗೆ ವಿಕಿರಣಶೀಲ ಪ್ರೋಲೀನನ್ನು ಸ್ವಲ್ಪವೇ ಹೊತ್ತು ಕೊಟ್ಟು, ಬಳಿಕ ಸಾದಾ ಪ್ರೋಲೀನಿಗೆ ಬದಲಿಸಿ, ನಿಮಿಷಗಳ ಅಂತರದಲ್ಲಿ ಮಾದರಿ ತೆಗೆಯುವುದು. ತೆಗೆದ ಕೂಡಲೇ ತಣ್ಣಗಿನ ದ್ರವದಲ್ಲಿ ಎನ್-ಈಥೈಲ್‌ಮ್ಯಾಲಿಮೈಡ್ ಬೆರೆಸಬೇಕು. ಇಲ್ಲದಿದ್ದರೆ ಡೈಸಲ್ಫೈಡ್ ಬಂಧಗಳು ಟ್ಯೂಬಿನಲ್ಲಿಯೇ ಅದಲುಬದಲಾಗಿ ಎಲ್ಲವೂ ಕಲಸಿಹೋಗುತ್ತದೆ. ಬಂಧಗಳನ್ನು ಒಡೆಯದೆ ಓಡಿಸಿದರೆ ಒಂಟಿ ಎಳೆಗಳು ಕೆಳಗೆ, ಕೂಡಿಕೊಂಡ ಮೂರೆಳೆಗಳು ಮೇಲೆ. ಆರೋಗ್ಯವಂತರ ಕೋಶಗಳಲ್ಲಿ ಕೆಳಗಿನ ಪಟ್ಟಿ ಬೇಗ ತೆಳುವಾಗಿ ಮೇಲಿನದು ಗಾಢವಾಗುತ್ತದೆ. ಸಿ-ಪ್ರೊಪೆಪ್ಟೈಡ್ ಕೆಟ್ಟಿದ್ದರೆ ಕೆಳಗಿನ ಪಟ್ಟಿ ಮಾದರಿಯಿಂದ ಮಾದರಿಗೆ ಹಾಗೆಯೇ ಉಳಿದುಕೊಳ್ಳುತ್ತದೆ. ಗ್ಲೈಸಿನ್ ದೋಷದಲ್ಲಿ ಎಳೆಗಳು ಹೊತ್ತಿಗೆ ಸರಿಯಾಗಿ ಕೂಡುತ್ತವೆ, ಸುತ್ತಿಕೊಳ್ಳುವುದು ಮಾತ್ರ ತಡ.

ಇದೇ ಕೋಶಗಳು ತಯಾರಿಸುವ ಮೂರನೇ ಬಗೆಯ ಕೊಲಾಜೆನ್ ಇಲ್ಲಿ ಕಣ್ಣಿಗೆ ಮಣ್ಣೆರಚಬಹುದು. ಅದರ ಸುರುಳಿಯ ಕೊನೆಯಲ್ಲೇ ಡೈಸಲ್ಫೈಡ್ ಇರುವುದರಿಂದ ಪೆಪ್ಸಿನ್ ಆದ ಮೇಲೂ ಅದು ಮೂರೆಳೆಯಾಗಿ ಜೆಲ್‌ನ ಮೇಲ್ಭಾಗದಲ್ಲಿ ನಿಂತಿರುತ್ತದೆ. ಜೆಲ್ ಸ್ವಲ್ಪ ಓಡಿದ ಮೇಲೆ ಬಂಧ ಒಡೆಯುವ ರಾಸಾಯನಿಕವನ್ನು ಮಾದರಿ ತುಂಬುವ ಗುಂಡಿಗಳಿಗೆ ಹಾಕಿದರೆ, ಮೂರನೇ ಬಗೆಯ ಎಳೆಗಳು ಬಿಡುಗಡೆಯಾಗಿ ಒಂದನೆಯದರ ಹಿಂದೆ ಬೇರೆ ಪಟ್ಟಿಯಾಗಿ ಬರುತ್ತವೆ. ಈ ಹಳೆಯ ಉಪಾಯ ಈಗಲೂ ಚೊಕ್ಕವಾಗಿ ಕೆಲಸ ಮಾಡುತ್ತದೆ.

ಹೊರಗಿನ ದ್ರವವನ್ನು ಪೆಪ್ಸಿನ್ ಇಲ್ಲದೆ ಓಡಿಸಿದರೆ ಇನ್ನೊಂದು ಲಾಭವಿದೆ: ಪ್ರೊಪೆಪ್ಟೈಡ್ ಕತ್ತರಿಸುವ ಕೆಲಸ ನಡೆದಿದೆಯೇ ಎಂಬುದೂ ಅಲ್ಲೇ ಕಾಣುತ್ತದೆ. ಸಿ-ತುದಿಯನ್ನು ಬಿಎಂಪಿ-1, ಎನ್-ತುದಿಯನ್ನು ಎಡಿಎಎಂಟಿಎಸ್-2 ಎಂಬ ಕಿಣ್ವಗಳು ಕತ್ತರಿಸುತ್ತವೆ. ಎರಡನೆಯದು ಇಲ್ಲದ ಕರುಗಳ ಚರ್ಮ ಸ್ವಲ್ಪ ಎಳೆದರೂ ಹರಿದುಹೋಗುತ್ತದೆ. ಮನುಷ್ಯರಲ್ಲೂ ಆ ಕಾಯಿಲೆ ಇದೆ. ಅಂಥವರ ಕೋಶಗಳ ದ್ರವದಲ್ಲಿ ಎನ್-ತುದಿ ಉಳಿದ ಎಳೆಗಳು ಪೂರ್ತಿ ಕತ್ತರಿಸಿದ ಎಳೆಗಳಿಗಿಂತ ಮೇಲೆ ಪ್ರತ್ಯೇಕ ಪಟ್ಟಿಯಾಗಿ ನಿಲ್ಲುತ್ತವೆ. ಪೆಪ್ಸಿನ್ ಹಾಕಿದ ಜೆಲ್‌ನಲ್ಲಿ ಅದೇ ಮಾದರಿ ಆರೋಗ್ಯವಂತರದ್ದರಂತೆಯೇ ಕಾಣುತ್ತದೆ.