ಖುಷಿಯನ್ನು ಬಿಟ್ಟು ಕಾಲಡಿಯ ನೆಲವನ್ನು ಕೇಳಿದೆ: ಜರ್ನಲಿಂಗ್‌ನಲ್ಲಿ ನನ್ನ ಅನುಭವ

"ಇದ್ರೆ ಅಲ್ದನೋ ನೆನಪಾಗದು!" ಅಂತ ಅಣ್ಣ ಫೋನಿನಲ್ಲೇ ನಕ್ಕುಬಿಟ್ಟಿದ್ದ. ಬಾಲ್ಯದ ಖುಷಿಯ ನೆನಪುಗಳನ್ನು ಬರೆದು ಹೊರಗೆ ತೆಗೀತೀನಿ ಅಂತ ನಾನು ಹೇಳಿದ್ದಕ್ಕೆ ಬಂದ ಉತ್ತರ ಅದು. ಅವನದೂ ತಪ್ಪಲ್ಲ. ಅಪ್ಪ ಹೋದಾಗ ನನಗೆ ಹತ್ತು ವರ್ಷ. ಆಮೇಲಿನದು ಸೊಸೈಟಿ ಸಾಲ, ದಾಯಾದಿಗಳ ವ್ಯಾಜ್ಯ, ಅಮ್ಮನ ಮೌನ. ಸಾಗರದ ಕಡೆಯ ಆ ಮನೆ ಅಂದರೆ ನಮಗೆಲ್ಲ ಇಷ್ಟೇ. ಬ್ಯಾಂಕಿನ ಗೆಳೆಯರಂತೂ "ರಿಟೈರ್ ಆದವನಿಗೆ ಟೈಂಪಾಸ್" ಅಂತ ಷರಾ ಬರೆದಿದ್ದರು. ಈಗ ಕೈಯಲ್ಲಿ ಎರಡು ನೋಟ್‌ಬುಕ್ ತುಂಬಿದೆ, ಅದಕ್ಕೇ ಇದನ್ನು ಬರೀತಿದ್ದೇನೆ.

ಜರ್ನಲಿಂಗ್ ಅಂದರೆ ಮನಸ್ಸಿಗೆ ಬಂದದ್ದನ್ನು ನಮಗಾಗಿ ನೋಟ್‌ಬುಕ್ಕಲ್ಲಿ ಬರೆಯೋದು. ಟೈಮರ್ ಇಡೋದು, ಪ್ರಾಂಪ್ಟ್ (ಬರೆಯೋಕೆ ಹಚ್ಚುವ ಪ್ರಶ್ನೆ) ಆರಿಸೋದು, ಕೈ ನಿಲ್ಲಿಸದೆ ಬರೆಯೋದು ಎಲ್ಲ ನಿಮಗೆ ಗೊತ್ತಿರೋದೇ. ಅದನ್ನು ಬಿಡಿಸಿ ಹೇಳಲ್ಲ. ದುಡ್ಡು ಎಲ್ಲಿ ಹೋಯ್ತು ಅಂತ ಮೊದಲು ಹೇಳಿಬಿಡ್ತೀನಿ.

ದಪ್ಪ ರಟ್ಟಿನ ಒಂದು ಗೈಡೆಡ್ ಜರ್ನಲ್ (ಪ್ರಶ್ನೆಗಳು ಮೊದಲೇ ಅಚ್ಚಾಗಿರುವ ಪುಸ್ತಕ) ತರಿಸಿದೆ, ಸಾವಿರದ ನೂರು ಚಿಲ್ಲರೆ. ಮೊದಲ ಪ್ರಶ್ನೆ: ನಿಮ್ಮ ಬಾಲ್ಯದ ಅತ್ಯಂತ ಸಂತೋಷದ ದಿನ ಯಾವುದು? ಹತ್ತು ನಿಮಿಷ ಪೆನ್ನು ಹಿಡಿದು ಕೂತು "ಗೊತ್ತಿಲ್ಲ" ಅಂತ ಬರೆದೆ. ಎರಡನೆಯದು: ನಿಮ್ಮ ಬೆಡ್‌ರೂಮಿನ ಗೋಡೆ ಯಾವ ಬಣ್ಣದ್ದು? ನಡುಮನೆಯಲ್ಲಿ ಕಂಬಳಿ ಹಾಸಿ ಒಂಬತ್ತು ಜನ ಮಲಗ್ತಿದ್ದೆವು, ಯಾವ ಬೆಡ್‌ರೂಮು? ಮೂರನೆಯದು ಹುಟ್ಟುಹಬ್ಬದ ಕೇಕು. ಪುಸ್ತಕ ಮುಚ್ಚಿದೆ. ಆಮೇಲೆ ಒಂದು ಆ್ಯಪ್, ವರ್ಷಕ್ಕೆ ಸಾವಿರದೈನೂರು. ನಿಲ್ಲಿಸೋಕೆ ಮರೆತು ಎರಡನೇ ವರ್ಷದ್ದೂ ಕಟ್ ಆಯ್ತು. ಒಂದು ವಾರಾಂತ್ಯದ ಶಿಬಿರಕ್ಕೆ ನಾಲ್ಕೂವರೆ ಸಾವಿರ. ಮೇಣದ ಬತ್ತಿ ಹಚ್ಚಿ, ಕೊಳಲು ಹಾಕಿ, "ಕಣ್ಣು ಮುಚ್ಚಿ ನಿಮ್ಮೊಳಗಿನ ಮಗುವನ್ನು ಅಪ್ಪಿಕೊಳ್ಳಿ" ಅಂದರು. ನಾನು ನಿದ್ದೆ ಹೋದೆ. ಮಧ್ಯಾಹ್ನದ ಪಲಾವ್ ಮಾತ್ರ ಚೆನ್ನಾಗಿತ್ತು. ಎಂಟುನೂರರ ಇಂಕ್ ಪೆನ್ನೂ ಸೇರಿ ಒಂಬತ್ತು ಸಾವಿರ ದಾಟಿರಬೇಕು. ಕೊನೆಗೆ ಕೆಲಸಕ್ಕೆ ಬಂದಿದ್ದು ಎಂಬತ್ತು ರೂಪಾಯಿಯ ಲಾಂಗ್ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು.

ದಾರಿ ಸಿಕ್ಕಿದ್ದು 2022ರ ಮಳೆಗಾಲದಲ್ಲಿ, ಅದೂ ಆಸ್ತಿ ಕಾಗದದಿಂದ. ಬಿದ್ದುಹೋದ ಹಳೇ ಮನೆಯ ಒಂದು ನಕಾಶೆ ಬೇಕು, ಯಾವ ಕೋಣೆ ಎಲ್ಲಿತ್ತು ಬರೆದು ಕಳಿಸು ಅಂತ ಅಣ್ಣನೇ ಹೇಳಿದ್ದ. ಜಗಲಿ, ನಡುಮನೆ, ಅಡುಗೆಮನೆ ಗೀಚಿ ಬಚ್ಚಲಿನ ಬಾಗಿಲಿಗೆ ಬಂದಾಗ ಕೈ ನಿಂತಿತು. ಅಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕಿತ್ತು. ತಲೆಗೆ ಮರೆತುಹೋಗಿದ್ದು ಕಾಲಿಗೆ ನೆನಪಿತ್ತು! ಇಳಿದ ಕೂಡಲೇ ತಣ್ಣನೆಯ ಚಪ್ಪಡಿ ಕಲ್ಲು, ಬಲಕ್ಕೆ ಹಂಡೆ, ಒಲೆಯ ಬಾಯಲ್ಲಿ ಅಡಿಕೆ ಸಿಪ್ಪೆಯ ಹೊಗೆ. ನಕಾಶೆ ಅಲ್ಲೇ ಬಿಟ್ಟು ನಾಲ್ಕು ಪುಟ ಬರೆದೆ.

ಅವತ್ತಿಂದ ಖುಷಿಯ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದೆ. ಖುಷಿ ಎಲ್ಲಿ ಅಂತ ಕೇಳಿದರೆ ಮನಸ್ಸು ಇಂಟರ್‌ವ್ಯೂಗೆ ಕೂತವರ ಹಾಗೆ ಬಿಗಿಯಾಗುತ್ತೆ. ನನ್ನ ಮೊದಲ ವಾರದ ಪ್ರಶ್ನೆಗಳೆಲ್ಲ ಕಾಲಿನವು. ಸಗಣಿ ಸಾರಿಸಿದ ಅಂಗಳ, ಕೆಂಪು ಕಾವಿಯ ಜಗಲಿ, ಬಚ್ಚಲ ಕಲ್ಲು, ಕೊಟ್ಟಿಗೆಯ ಸೊಪ್ಪು. ನಾಲ್ಕು ನೆಲ, ಒಂದೊಂದಕ್ಕೂ ಇಪ್ಪತ್ತು ನಿಮಿಷ. ಇಲ್ಲಿ ನಿಂತಿದ್ದೀಯ, ಬರಿಗಾಲಿಗೆ ಏನು ತಾಗುತ್ತೆ, ಎಡಕ್ಕೆ ಯಾರು? ಅಷ್ಟೇ ಕೇಳೋದು. ಎರಡನೇ ವಾರದಿಂದ ಕೈಗಳದು. ಏಳನೇ ದಿನಕ್ಕೆ ಒಂದು ಪ್ರಶ್ನೆ ಇಟ್ಟಿದ್ದೇನೆ, ಇಡೀ ಪದ್ಧತಿ ಅದರ ಮೇಲೇ ನಿಂತಿದೆ. ಅದನ್ನು ಇಲ್ಲಿ ಬರೆಯಲ್ಲ. ಎದುರು ಕೂತು ಬರೆಯುವವರಿಗೆ ಮಾತ್ರ.

ಇನ್ನೊಂದು ವಿಷಯ ನಿಮ್ಮಲ್ಲಿ ಬಹಳ ಜನ ಒಪ್ಪಲಿಕ್ಕಿಲ್ಲ. ಮನೆಮಾತಿನಲ್ಲಿ ಬರೆಯಿರಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಬರೆದ ಕೈ ನನ್ನದು. "ನಾನು ಒಲೆಯ ಮುಂದೆ ಕುಳಿತಿದ್ದೆನು" ಅಂತ ಬರೆದರೆ ಅಲ್ಲಿಗೇ ವಾಕ್ಯ ಮುಗಿಯೋದು. ಅದನ್ನೇ ನಮ್ಮ ಹವ್ಯಕದಲ್ಲಿ "ಆನು ಒಲೆ ಮುಂದೆ ಕೂತಿದ್ದಿ" ಅಂದ ತಕ್ಷಣ ಹಿಂದಿನಿಂದ ಅಜ್ಜಿಯ ದನಿ ಬಂತು: "ಕೈ ಸುಟ್ಕತ್ತೆ ಮಾಣಿ, ಹಿಂದೆ ಸರಿ." ಸುಳ್ಳಲ್ಲ, ಹಾಗೇ ಬಂತು. ಒಲೆಯ ಮೇಲೆ ಬೋರಲು ಹಾಕಿದ ಮಡಕೆ, ತೊಡೆದೇವು (ಕಾಗದದ ಹಾಗೆ ತೆಳ್ಳಗಿನ ಸಿಹಿ) ಹಿಟ್ಟು, ಬಟ್ಟೆ ಸುತ್ತಿದ ಕೋಲು, ಎಲ್ಲ ಅದರ ಹಿಂದೆ ಬಂದವು.

ನೆನಪಿನ ಆ ಮೊದಲ ದೊಡ್ಡ ಫಸಲಿನ ಬಗ್ಗೆ ಹೇಳಲೇಬೇಕು. ಹದಿನೆಂಟನೇ ದಿನವೋ ಹತ್ತೊಂಬತ್ತೋ, ಕೈಯ ಪ್ರಶ್ನೆ: ಬೆರಳಿಗೆ ಯಾವ ಕಲೆ ಅಂಟಿತ್ತು? ಮಸಿ ಅಂತ ಬರೆಯೋಕೆ ಹೋದೆ. ಶಾಯಿ ಅಲ್ಲ, ಇದ್ದಿಲು. ಯಾಕೆ ಇದ್ದಿಲು? ಅಡಿಕೆ ಸುಲಿಯೋ ರಾತ್ರಿ. 1975 ಅಥವಾ 76ರ ಚಳಿಗಾಲ ಇರಬೇಕು. ಜಗಲಿ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು, ಮಧ್ಯೆ ಲಾಟೀನು. ಕೂಲಿ ಡಬ್ಬದ ಲೆಕ್ಕ. ಒಬ್ಬೊಬ್ಬರು ಡಬ್ಬ ತುಂಬಿಸಿದಾಗಲೂ ಕಂಬದ ಮೇಲೆ ಅವರ ಹೆಸರಿಗೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯೋದು ನನ್ನ ಕೆಲಸ. ಒಬ್ಬಳು ಮುದುಕಿ ಇದ್ದಳು, ಕೈ ನಡುಕ. ಎಲ್ಲರೂ ಐದಾರು ಡಬ್ಬ ಮಾಡಿದರೆ ಅವಳದು ಎರಡು. ಅಪ್ಪ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಕೈಯಲ್ಲೇ ನನ್ನ ಹಿಂದೆ ಬಂದು ನಿಂತು, ನನ್ನ ಬೆರಳು ಹಿಡಿದು, ಅವಳ ಸಾಲಿನಲ್ಲಿ ಇನ್ನೊಂದು ಗೀಟು ಎಳೆಸಿ, ಏನೂ ಆಗದವರ ಹಾಗೆ ಕೆಮ್ಮಿಕೊಂಡು ಹೋದರು. ನಾನು ನಗು ತಡೆಯೋಕೆ ತುಟಿ ಕಚ್ಚಿ ಹಿಡಿದಿದ್ದೆ. ನಾಲ್ವತ್ತಾರು ವರ್ಷ ಅಪ್ಪ ಅಂದರೆ ನನಗೆ ಸಾಲದ ಚೀಟಿಗಳು ಮಾತ್ರ ಆಗಿದ್ದರು. ಅವತ್ತು ಟೈಮರ್ ಹೊಡೆದಿದ್ದು ಕೇಳಲೇ ಇಲ್ಲ.

ಹೆಮ್ಮೆಯಲ್ಲಿ ಎಡವಿದ್ದೂ ಇದೆ. ಒಂದು ತಿಂಗಳಾದ ಮೇಲೆ ಜೋಗದ ನೆನಪು ಬಂತು. ಮಳೆಗಾಲ, ಜೀಪು, ಅಪ್ಪನ ಹೆಗಲು, ಮುಖಕ್ಕೆ ಹನಿ. ಆರು ಪುಟ! ಅಕ್ಕನಿಗೆ ಓದಿ ಹೇಳಿದೆ. "ನೀನೆಲ್ಲಿ ಬಂದಿದ್ಯೋ? ನಿಂಗೆ ಕಾಮಾಲೆ ಆಗಿ ಮನೇಲಿದ್ದೆ" ಅಂದಳು. ಹೆಗಲ ಮೇಲಿದ್ದದ್ದು ಚಿಕ್ಕಪ್ಪನ ಮಗ, ನನ್ನ ಅಂಗಿ ಹಾಕಿಕೊಂಡಿದ್ದ. ಅವತ್ತು ತೆಗೆದ ಫೋಟೋ ನೋಡೀ ನೋಡೀ ನಾನೇ ಜೋಗಕ್ಕೆ ಹೋಗಿ ಬಂದಿದ್ದೆ. ಎಲಿಜಬೆತ್ ಲಾಫ್ಟಸ್ ಅನ್ನುವ ಮನಶ್ಶಾಸ್ತ್ರಜ್ಞೆ 1995ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಬಗೆಯದು. 24 ಜನರಿಗೆ "ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ" ಅಂತ ಕಟ್ಟುಕತೆ ಕೊಟ್ಟಾಗ ಸುಮಾರು ಕಾಲು ಭಾಗದವರಿಗೆ ಪೂರ್ತಿಯೋ ಅರ್ಧವೋ ಅದು ನೆನಪಾಗಿಬಿಟ್ಟಿತ್ತು. "ಕಲ್ಪಿಸಿಕೊಳ್ಳಿ" ಅನ್ನೋ ಪ್ರಾಂಪ್ಟ್‌ಗಳನ್ನು ಅವತ್ತೇ ಹೊಡೆದುಹಾಕಿದೆ. ಈಗ ನನ್ನ ಕಾಲಿಗೆ, ಕೈಗೆ ಬಂದದ್ದು ಪೆನ್ಸಿಲ್ಲಿನಲ್ಲಿ, ಯಾರೋ ಹೇಳಿದ್ದು ನೀಲಿಯಲ್ಲಿ, ಫೋಟೋದಲ್ಲಿ ನೋಡಿದ್ದು ಕೆಂಪಿನಲ್ಲಿ. ಅಣ್ಣ ತಮ್ಮ ಅಕ್ಕ ತಂಗಿ ಬದುಕಿರುವಾಗಲೇ ಈ ಕೆಲಸ ಮಾಡಬೇಕು.

ಪಕ್ಕದ ಪ್ರಯೋಗಗಳೂ ನಡೆದವು. ಎಡಗೈಯಲ್ಲಿ ಬರೆದರೆ ಮಗುವಿನ ಮನಸ್ಸು ತೆರೆಯುತ್ತೆ ಅಂತ ಯಾರೋ ಅಂದಿದ್ದರು. ಭುಜ ನೋವು ಬಂತು, ಅಷ್ಟೇ. ಡಬ್ಬಿಯಲ್ಲಿ ಚೀಟಿ ಹಾಕಿ ದಿನಕ್ಕೊಂದು ಪದ ಎತ್ತೋದು ಪರವಾಗಿಲ್ಲ. 1879ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 75 ಪದ ಬರೆದಿಟ್ಟು ತನ್ನ ಮೇಲೇ ಇದನ್ನು ಮಾಡಿ ನೋಡಿದ್ದ. ನನ್ನ ಲೆಕ್ಕದಲ್ಲಿ "ಹಬ್ಬ", "ಅಮ್ಮ" ಥರದ ಪದ ಎತ್ತಿದರೆ ಏನೂ ಬರಲ್ಲ, "ಬುಡ್ಡಿ", "ಕಂಬಳಿಕೊಪ್ಪೆ" (ಮಳೆಗೆ ತಲೆ ಮೇಲೆ ಹೊದೆಯುವ ಕಂಬಳಿ) ಎತ್ತಿದರೆ ಬರುತ್ತೆ. ವಾಸನೆಯಲ್ಲಿ ಸೀಗೆಪುಡಿ ಗೆದ್ದಿತು, ಕರ್ಪೂರ ಸೋತಿತು. ಊರಿಂದ ಒಂದು ಬಾಟ್ಲಿ ಚೊಗರು ಬಸ್ ಪಾರ್ಸೆಲ್‌ನಲ್ಲಿ ತರಿಸಿದೆ, ನೂರಿಪ್ಪತ್ತೋ ಏನೋ ಕೊಟ್ಟು. ಸೋರಿ ಚೀಲವೆಲ್ಲ ಕೆಂಪಾಗಿತ್ತು. ಹೆಂಡತಿ ಅದನ್ನು ಬಾಲ್ಕನಿಯಿಂದ ಒಳಗೆ ಬಿಡಲಿಲ್ಲ. ಬೆಳಿಗ್ಗೆ 6:55ರ ಸಂಸ್ಕೃತ ವಾರ್ತೆಯ ಆ "ಇಯಂ ಆಕಾಶವಾಣೀ" ಕೇಳಿಸಿಕೊಂಡು ಬರೆದ ಎರಡು ಪುಟ ಮಾತ್ರ ಚಿನ್ನ. ಅದರಲ್ಲಿ ಏನಿದೆ ಅಂತ ಅಕ್ಕನಿಗೂ ಓದಿಸಿಲ್ಲ.

ನಾಲ್ಕು ತಿಂಗಳಿಗೆ ನೂರಾ ನಲವತ್ತರ ಆಸುಪಾಸು ನೆನಪುಗಳು ಸಿಕ್ಕವು. ಅರ್ಧಕ್ಕಿಂತ ಹೆಚ್ಚು ಖುಷಿಯವೇ, ಕೇಳದೇ ಬಂದವು. ನಕ್ಕಿದ್ದ ಬ್ಯಾಂಕ್ ಗೆಳೆಯರಲ್ಲಿ ಇಬ್ಬರು ಈಗ ಭಾನುವಾರ ನಮ್ಮ ಮನೆಗೆ ನೋಟ್‌ಬುಕ್ ಹಿಡಿದು ಬರ್ತಾರೆ. ಅಣ್ಣ ಇನ್ನೂ ಬರೆಯಲ್ಲ, ಆದರೆ ಕಳೆದ ತಿಂಗಳು ಫೋನ್ ಮಾಡಿ "ಆ ಮುದುಕಿ ನಂಗೆ ಹುರಿದ ಹಲಸಿನ ಬೀಜ ಕೊಡ್ತಿತ್ತು" ಅಂದ. ನೀಲಿಯಲ್ಲಿ ಬರೆದುಕೊಂಡೆ.

ಅಕ್ಕ ಹೋದ ವಾರ ಬಂದಿದ್ದಳು. ಮಧ್ಯಾಹ್ನ ನಾನು ಮಲಗಿದ್ದಾಗ ಅಡಿಕೆಯ ಪುಟ ತೆಗೆದು, ಅಂಚಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆದು ಹೋಗಿದ್ದಾಳೆ: "ಒಂದು ಗೀಟಲ್ಲ, ಎರಡು. ಇನ್ನೊಂದು ನಾನು ಎಳೆದಿದ್ದು."